ಮಾವನ ಹ್ಯಾಂಡಿಕ್ಯಾಪ್, ಅತ್ತೆಯ ಕೊಸರು

ನನ್ನ ಸೋದರಮಾವನ ಗಾಲ್ಫಿನ ಪರಿಣಾಮವನ್ನು ಅನುಭವಿಸಿದವರು ನನ್ನ ಅತ್ತೆ. ಅವರ ನಂತರದ ಸ್ಥಾನ ಕೊಟ್ಟಿಗೆಯ ಎರಡು ಎಮ್ಮೆಗಳದ್ದು. ಮೂರನೆಯದು ಸಿದ್ದಾಪುರ ಪೇಟೆಯಲ್ಲಿ ಇಂಟರ್ನೆಟ್ ಕೇಂದ್ರ ನಡೆಸುತ್ತಿದ್ದ ಹೆಣ್ಣುಮಗಳದ್ದು. ನೊಂದವರ ಈ ಪಟ್ಟಿಯಲ್ಲಿ ಮಾವನ ಹೆಸರು ಎಲ್ಲಿಯೂ ಇಲ್ಲವೆಂಬುದನ್ನು ಓದುಗರು ಆರಂಭದಲ್ಲಿಯೇ ಗಮನಿಸಬೇಕೆಂದು ಕೋರುತ್ತೇನೆ.

ಶಿರಸಿ, ಸಿದ್ದಾಪುರ, ಯಲ್ಲಾಪುರ ಈ ಮೂರೂ ತಾಲೂಕುಗಳನ್ನು ಜರಡಿ ಹಿಡಿದರೂ ಸಿಗುತ್ತಿದ್ದ ಗಾಲ್ಫ್ ಆಟಗಾರ ಅವರೊಬ್ಬರೇ. ಹೀಗಾಗಿ ಈ ಸೀಮೆಯ ಅತ್ಯುತ್ತಮ ಆಟಗಾರರೂ ಅವರೇ, ಅತ್ಯಂತ ಕಳಪೆ ಆಟಗಾರರೂ ಅವರೇ. ಎರಡರಲ್ಲಿ ಯಾವುದು ಹೆಚ್ಚು ನಿಜವೆಂದು ತೀರ್ಮಾನಿಸಲು ಒಂದು ಸಂಖ್ಯೆ ಬೇಕಿತ್ತು. ಆ ಒಂದು ಸಂಖ್ಯೆಗಾಗಿ ಮನುಷ್ಯನೊಬ್ಬ ಏನೆಲ್ಲ ಮಾಡಬಹುದು ಎಂದು ನಿಮಗೆ ಗೊತ್ತಿದೆಯೆ? ನನಗೂ ಗೊತ್ತಿರಲಿಲ್ಲ.

ಮಾವ ಮುಂಬೈಯ ಹಳೆಯ ಕ್ಲಬ್ಬೊಂದರಲ್ಲಿ ಇಪ್ಪತ್ತೆಂಟು ವರ್ಷ ಗುಮಾಸ್ತರಾಗಿದ್ದವರು. ಸದಸ್ಯರು ಆಡಿ ಮುಗಿಸಿ ಕೊಡುವ ಚೀಟಿಗಳನ್ನು ನೋಡಿ, ಪ್ರತಿಯೊಬ್ಬರ ಹ್ಯಾಂಡಿಕ್ಯಾಪ್ ಲೆಕ್ಕ ಹಾಕಿ, ರಟ್ಟಿನ ದೊಡ್ಡ ಪುಸ್ತಕದಲ್ಲಿ ಬರೆದಿಡುವುದು ಅವರ ಕೆಲಸ. ಹ್ಯಾಂಡಿಕ್ಯಾಪ್ ಎಂದರೆ ಇಷ್ಟೇ: ಗಾಲ್ಫಿನಲ್ಲಿ ಚೆಂಡನ್ನು ಕುಳಿಗೆ ಸೇರಿಸಲು ಕಡಿಮೆ ಹೊಡೆತ ಬಳಸಿದವನು ಗೆಲ್ಲುತ್ತಾನೆ. ಪಳಗಿದವನ ಜೊತೆ ಪಳಗದವನು ಆಡುವುದಾದರೆ, ಪಳಗದವನಿಗೆ ಇಷ್ಟು ಹೊಡೆತ ಮಾಫಿ ಎಂದು ಮೊದಲೇ ಗೊತ್ತುಪಡಿಸುತ್ತಾರೆ. ಆ ಮಾಫಿಯ ಸಂಖ್ಯೆಯೇ ಹ್ಯಾಂಡಿಕ್ಯಾಪ್. ದುರ್ಬಲನಿಗೆ ರಿಯಾಯಿತಿ ಕೊಟ್ಟರೆ ಮಾತ್ರ ಸ್ಪರ್ಧೆ ನ್ಯಾಯವಾದೀತು ಎಂಬ ತತ್ವವನ್ನು ಈ ದೇಶದ ಸಿರಿವಂತರು ಇಷ್ಟು ಸಲೀಸಾಗಿ ಒಪ್ಪಿಕೊಂಡ ಇನ್ನೊಂದು ಜಾಗವನ್ನು ನಾನು ಕಾಣೆ. ಬೆಳಿಗ್ಗೆ ಪತ್ರಿಕೆಯಲ್ಲಿ ಮೀಸಲಾತಿಯ ವಿರುದ್ಧ ಲೇಖನ ಬರೆದವರೇ ಸಂಜೆ ಮಾವನ ಮೇಜಿನೆದುರು ನಿಂತು, ತಮಗೆ ಇನ್ನೂ ಎರಡು ಹೊಡೆತ ಮಾಫಿಯಾಗಬೇಕೆಂದು ವಾದಿಸುತ್ತಿದ್ದರಂತೆ.

ಆ ಕ್ಲಬ್ಬಿನಲ್ಲಿ ಒಂದು ನಿಯಮವಿತ್ತು. ನೌಕರರು ಆಟದ ಹುಲ್ಲಿನ ಮೇಲೆ ಕಾಲಿಡಕೂಡದು. ಸಾವಿರಾರು ಜನರ ಹ್ಯಾಂಡಿಕ್ಯಾಪ್ ಬರೆದ ಮಾವನಿಗೆ ತಮ್ಮದೆಂಬ ಹ್ಯಾಂಡಿಕ್ಯಾಪ್ ಇರಲಿಲ್ಲ. ಆಟವನ್ನು ಅವರು ಕಲಿತದ್ದು ಕಚೇರಿಯ ಕಿಟಕಿಯಿಂದ. ಇದು ಅನ್ಯಾಯ. ಅನ್ಯಾಯವೆಂದು ನಾನು ಹೇಳಿದಾಗಲೆಲ್ಲ ಮಾವ, ಸೋದರಸೊಸೆಯನ್ನೂ ತಂಗಿ ಎಂದು ಕರೆಯುವ ನಮ್ಮ ಕಡೆಯ ರೂಢಿಯಂತೆ, "ಕಿಟಕಿ ದೊಡ್ಡದಿತ್ತೆ ತಂಗಿ" ಎನ್ನುತ್ತಿದ್ದರು.

ಹೊಸ ಶತಮಾನ ಕಣ್ಣು ಬಿಡುವ ಹೊತ್ತಿಗೆ ಅವರು ನಿವೃತ್ತರಾಗಿ, ಹೆಗ್ಗರಣೆಯ ಸಮೀಪ ಅಷ್ಟೂ ವರ್ಷ ಅತ್ತೆ ಒಬ್ಬರೇ ನೋಡಿಕೊಂಡಿದ್ದ ಮನೆಗೆ ಬಂದರು. ಸದಸ್ಯರೊಬ್ಬರು ಬಿಸಾಡಬೇಕೆಂದಿದ್ದ ಮೂರು ಕೋಲು, ಒಂದು ಚೀಲ ಹಳೆಯ ಚೆಂಡು, ಇವಿಷ್ಟು ಮುಂಬೈ ಕೊಟ್ಟ ಬೀಳ್ಕೊಡುಗೆ. ಬಂದವರೇ ಮನೆಯ ಮೇಲಿನ ಬ್ಯಾಣವನ್ನು ಎರಡು ದಿನ ಸುತ್ತಿದರು. ತೋಟಕ್ಕೆ ಹೊಂದಿಕೊಂಡ ಹುಲ್ಲಿನ ದಿಬ್ಬಕ್ಕೆ ನಮ್ಮ ಕಡೆ ಬ್ಯಾಣ ಎನ್ನುತ್ತಾರೆ. ಹುಲ್ಲು ಕೊಯ್ಯುವುದು, ಎಮ್ಮೆ ಮೇಯಿಸುವುದು ಬಿಟ್ಟರೆ ಅದಕ್ಕೆ ಬೇರೆ ಉದ್ಯೋಗವಿಲ್ಲ. ಮೂರನೆಯ ದಿನ ಮಾವ ಒಂಬತ್ತು ಖಾಲಿ ವನಸ್ಪತಿ ಡಬ್ಬಗಳನ್ನು ಅಲ್ಲಲ್ಲಿ ನೆಲದಲ್ಲಿ ಹೂತು, ಪಕ್ಕದಲ್ಲೊಂದೊಂದು ಬಿದಿರ ಗಳ ನೆಟ್ಟು, ತುದಿಗೆ ಅತ್ತೆಯ ಹಳೆಯ ಸೀರೆಯ ಚೂರು ಕಟ್ಟಿದರು. ಒಂಬತ್ತು ಕುಳಿಯ ಮೈದಾನ ಸಿದ್ಧವಾಯಿತು. ಎರಡು ಸುತ್ತು ಹಾಕಿದರೆ ಹದಿನೆಂಟು.

ನನ್ನ ಪರಿಸ್ಥಿತಿಯನ್ನು ಓದುಗರು ಊಹಿಸಿಕೊಳ್ಳಬೇಕು. ಗಾಲ್ಫ್ ಮೈದಾನಗಳಿಗೆ ಗೋಮಾಳ ಒಪ್ಪಿಸುವುದರ ವಿರುದ್ಧ ನಾನೇ ಬರೆದು ಅಚ್ಚು ಹಾಕಿಸಿದ ಕರಪತ್ರವನ್ನು ಶಿರಸಿಯ ಬಸ್ ನಿಲ್ದಾಣದಲ್ಲಿ ಹಂಚಿ, ಉಳಿದ ಕಟ್ಟನ್ನು ಚೀಲದಲ್ಲಿಟ್ಟುಕೊಂಡು ಮಾವನ ಮನೆಗೆ ಹೋದೆ. ಅಂಗಳಕ್ಕೆ ಕಾಲಿಡುವಾಗ ತಲೆಯ ಮೇಲೆ ಚೆಂಡು ಹಾರಿಹೋಯಿತು.

"ಮಾವ, ಈ ಆಟ ಊರೂರ ಗೋಮಾಳ ನುಂಗ್ತಾ ಇದ್ದು" ಎಂದೆ.

"ಆನು ಯಾರ ಗೋಮಾಳ ನುಂಗಿದ್ದಿ ಹೇಳು ನೋಡನ. ಬ್ಯಾಣ ಎನ್ನದೇಯ. ಹುಲ್ಲು ಕೊಯ್ದ ಮೇಲೇ ಆಡದು. ಎಮ್ಮೆ ಮೇಯದೂ ನಿಂತಿದ್ದಿಲ್ಲೆ."

"ಇದು ತತ್ವದ ಪ್ರಶ್ನೆ ಮಾವ."

ಮಾವ ಕರಪತ್ರವನ್ನು ಪೂರ್ತಿ ಓದಿದರು. ಮಗುಚಿ ನೋಡಿದರು. "ಬರದ್ದು ಚೊಲೊ ಇದ್ದು. ಹಿಂದ್ಗಡೆ ಖಾಲಿ ಇದ್ದಲೇ. ಎಷ್ಟು ಪ್ರತಿ ಉಳದ್ದು?"

ಹೀಗೆ ನನ್ನ ಕರಪತ್ರದ ಬೆನ್ನು ಮಾವನ ಆಟದ ಚೀಟಿಯಾಯಿತು. ಒಂದು ಬದಿಯಲ್ಲಿ ‘ಹುಲ್ಲುಗಾವಲು ದನಕರುಗಳ ಹಕ್ಕು’ ಎಂಬ ದಪ್ಪಕ್ಷರದ ಘೋಷಣೆ, ಇನ್ನೊಂದು ಬದಿಯಲ್ಲಿ ಅದೇ ಹುಲ್ಲುಗಾವಲಿನಲ್ಲಿ ಬಿದ್ದ ಹೊಡೆತಗಳ ಮೊತ್ತ. ನನ್ನ ಹೋರಾಟದ ಸಾಹಿತ್ಯವನ್ನು ಇಷ್ಟು ಜೋಪಾನವಾಗಿ ಕಾಪಾಡಿದವರು ಬೇರೆ ಯಾರೂ ಇಲ್ಲ.

ಎಮ್ಮೆಗಳ ವಿಷಯದಲ್ಲಿ ಮಾವ ನ್ಯಾಯವಂತರೆಂದು ಒಪ್ಪಬೇಕು. ಕೊಟ್ಟಿಗೆಯ ಗೋಡೆಗೆ ಸ್ಥಳೀಯ ನಿಯಮಗಳ ಪಟ್ಟಿ ಅಂಟಿಸಿದ್ದರು. ಚೆಂಡು ಸಗಣಿಯಲ್ಲಿ ಬಿದ್ದರೆ ದಂಡವಿಲ್ಲದೆ ಎತ್ತಬಹುದು. ಎಮ್ಮೆ ಚೆಂಡಿನ ಮೇಲೆ ಮಲಗಿದರೆ ಅದು ತಾನಾಗಿ ಏಳುವವರೆಗೆ ಕಾಯತಕ್ಕದ್ದು, ಎಬ್ಬಿಸತಕ್ಕದ್ದಲ್ಲ. ಈ ಎರಡನೆಯ ನಿಯಮದಿಂದಾಗಿ ಒಂದು ಸುತ್ತು ಬೆಳಗಿನ ತಿಂಡಿಗೆ ಆರಂಭವಾಗಿ ದೀಪ ಹಚ್ಚುವ ಹೊತ್ತಿಗೆ ಮುಗಿದದ್ದುಂಟು. ಎಮ್ಮೆ ಆರನೆಯ ಕುಳಿಯ ಬಳಿ ಮೆಲುಕು ಹಾಕುತ್ತಿತ್ತು, ಮಾವ ಎದುರು ಕೂತು ಎಲೆಯಡಿಕೆಯ ಕವಳ ಹಾಕುತ್ತಿದ್ದರು. ಯಾರು ಯಾರಿಗಾಗಿ ಕಾಯುತ್ತಿದ್ದಾರೆಂದು ದೂರದಿಂದ ಹೇಳುವುದು ಕಷ್ಟವಾಗಿತ್ತು.

ಆದರೆ ಕುಳಿಯ ಸುತ್ತ ಚೆಂಡು ನುಣ್ಣಗೆ ಉರುಳಬೇಕಲ್ಲ? ಶ್ರೀಮಂತರ ಮೈದಾನದಲ್ಲಿ ಅಲ್ಲಿ ಮಖಮಲ್ಲಿನಂಥ ಹುಲ್ಲಿರುತ್ತದೆ. ಇಲ್ಲಿ ಒಂಬತ್ತು ಕುಳಿಗಳ ಸುತ್ತ ಅಂಗಳದಂತೆ ಸಗಣಿ ಸಾರಿಸಲಾಗುತ್ತಿತ್ತು. ‘ಸಾರಿಸಲಾಗುತ್ತಿತ್ತು’ ಎಂದು ಬರೆದುಬಿಟ್ಟರೆ ಕರ್ತೃ ಯಾರೆಂಬುದು ಮರೆಯಾಗುತ್ತದೆ. ಸಾರಿಸುತ್ತಿದ್ದವರು ಅತ್ತೆ, ವಾರಕ್ಕೊಮ್ಮೆ, ಬಗ್ಗಿದ ಬೆನ್ನಿನಲ್ಲಿ. ನಾನು ಇದನ್ನು ಊಟದ ಮಧ್ಯೆ ಸ್ಪಷ್ಟ ಮಾತುಗಳಲ್ಲಿ ಖಂಡಿಸಿದೆ. ಮಾವ ತಲೆತಗ್ಗಿಸಿ ಕೇಳಿದರು, ಮರುವಾರ ತಾವೇ ಸಾರಿಸಿದರು. ಚೆಂಡು ಅಂಟಿಕೊಂಡು ಒಂದಡಿಯೂ ಉರುಳಲಿಲ್ಲ. ಅತ್ತೆ ಒಣಗಿದ ಸಗಣಿಯನ್ನೆಲ್ಲ ಕೆರೆದು ತೆಗೆದು ಹೊಸದಾಗಿ ಸಾರಿಸಿ, ಕೈ ತೊಳೆಯುತ್ತ ನನಗೆ ಹೇಳಿದರು: "ನಿನ್ನ ಸಮಾನತೆಯಿಂದ ಎಂಗೆ ಈ ವಾರ ಎರಡು ಸಲ ಸಾರ್ಸದಾತು."

ಇನ್ನು ಸಿದ್ದಾಪುರದ ಹೆಣ್ಣುಮಗಳ ಸಂಗತಿ. ಗಾಲ್ಫ್ ಆಡುವವರು ತಮ್ಮ ಚೀಟಿಗಳನ್ನು ತುಂಬಿದರೆ ಹ್ಯಾಂಡಿಕ್ಯಾಪ್ ಲೆಕ್ಕ ಹಾಕಿ ಕೊಡುವ ವಿದೇಶದ ಜಾಲತಾಣವೊಂದನ್ನು ಮಾವ ಪತ್ತೆ ಮಾಡಿದ್ದರು. ಇಪ್ಪತ್ತು ಚೀಟಿ ಸೇರಿಸಬೇಕು. ಪ್ರತಿ ಚೀಟಿಗೂ ಜೊತೆಯಲ್ಲಿ ನಡೆದು ಹೊಡೆತ ಎಣಿಸಿದವರ ಹೆಸರು ಬೇಕು. ಇಪ್ಪತ್ತು ತುಂಬಿದ ದಿನ ಸಂಖ್ಯೆ ಬರುತ್ತದೆ. ಮಾವ ಆಡಿದ ಮರುದಿನ ಬಸ್ಸು ಹತ್ತಿ ಸಿದ್ದಾಪುರಕ್ಕೆ ಹೋಗುತ್ತಿದ್ದರು. ಕೇಂದ್ರ ನಡೆಸುತ್ತಿದ್ದಾಕೆ ಹಾವೇರಿ ಕಡೆಯವರು.

"ಬರ್ರಿ ಕಾಕಾ, ಕುಂದರ್ರಿ. ಈ ಸಲ ಎಷ್ಟ ಹೊಡದ್ರಿ?"

"ನೂರಾ ಮೂರು."

"ಸೆಂಚುರಿ ಆತಲ್ರಿ ಮತ್ತ. ಪೇಢೆ ಎಲ್ಲಿ?"

"ಇದರಲ್ಲಿ ಕಡಿಮೆ ಹೊಡೆದಷ್ಟೂ ದೊಡ್ಡಸ್ತಿಕೆ ಮಾರಾಯ್ತಿ."

"ಅಂದ್ರ ಮನ್ಯಾಗ ಸುಮ್ನ ಕುಂತಬಿಡ್ರಿ ಕಾಕಾ. ಎಲ್ಲಾರಕಿಂತ ದೊಡ್ಡಾಂವ ಆಗ್ತೀರಿ."

ಸಂಪರ್ಕ ಸಿಗುವುದಕ್ಕೆ ಅರ್ಧ ಗಂಟೆ, ಪುಟ ತೆರೆಯುವುದಕ್ಕೆ ಇನ್ನರ್ಧ ಗಂಟೆ. ನಡುವೆ ಕರೆಂಟು ಹೋದರೆ ಮೊದಲಿಂದ. ಬೇರೆ ಗಿರಾಕಿಗಳನ್ನು ಕಾಯಿಸಿ ಆಕೆ ಆ ನೂರಾ ಮೂರನ್ನು ಸಾಗರದಾಚೆ ಕಳಿಸಿಕೊಡುತ್ತಿದ್ದರು. ಸಾವಿರಾರು ಹ್ಯಾಂಡಿಕ್ಯಾಪ್ ಲೆಕ್ಕ ಹಾಕಿದ ಮನುಷ್ಯ ತನ್ನದೊಂದನ್ನು ಮನೆಯ ಜಗುಲಿಯಲ್ಲಿ ಕೂತು ಲೆಕ್ಕ ಹಾಕಬಾರದೆ? ಹಾಗೆಂದು ನಾನು ಕೇಳಿದೆ. ಮಾವ ತಡಮಾಡದೆ ಉತ್ತರ ಕೊಟ್ಟರು.

"ಆನೇ ಲೆಕ್ಕ ಹಾಕಿ ಆನೇ ಬರಕಂಡ್ರೆ ಅದು ಡೈರಿ. ಬೇರೆಯವ್ರು ಬರದ್ರೆ ದಾಖಲೆ."

ಇದು ಇಪ್ಪತ್ತೆಂಟು ವರ್ಷ ಬೇರೆಯವರ ದಾಖಲೆ ಬರೆದವರ ಬಾಯಿಂದ ಬಂದ ಮಾತು.

ಹೊಡೆತ ಎಣಿಸುವ ಕೆಲಸವೂ ಅತ್ತೆಯ ಪಾಲಿಗೆ ಬಂದದ್ದು ಹೀಗೆ. ಆಡುವವನು ತನ್ನ ಹೊಡೆತವನ್ನು ತಾನು ಎಣಿಸಬಾರದೆಂಬುದು ಮಾವನ ಕಟ್ಟುನಿಟ್ಟಿನ ವ್ರತ. "ಆಡವನ ಲೆಕ್ಕ ಯಾವಾಗ್ಲೂ ಕಡಮೆಯೇ ಬತ್ತು. ಆನು ದೊಡ್ಡ ದೊಡ್ಡವ್ರದ್ದು ಕಂಡಿದ್ದಿ" ಎನ್ನುತ್ತಿದ್ದರು. ಹಾಗಾಗಿ ಅತ್ತೆ ಮಡಿಲಲ್ಲಿ ಒಣಗಿದ ಗೋಟಡಿಕೆ ತುಂಬಿಕೊಂಡು, ಕೈಯಲ್ಲೊಂದು ಬುಟ್ಟಿ ಹಿಡಿದು ಹಿಂದೆ ನಡೆಯುತ್ತಿದ್ದರು. ಒಂದು ಹೊಡೆತಕ್ಕೆ ಒಂದು ಅಡಿಕೆ ಬುಟ್ಟಿಗೆ. ಹದಿನೆಂಟು ಕುಳಿ ಮುಗಿದ ಮೇಲೆ ಜಗುಲಿಯಲ್ಲಿ ಬುಟ್ಟಿ ಸುರಿದು ಎಣಿಸಿ ಮೊತ್ತ ಹೇಳುತ್ತಿದ್ದರು. ಮಾವ ಅದನ್ನು ಚೀಟಿಯಲ್ಲಿ ಬರೆದು, ಕೆಳಗೆ ಅವರ ಸಹಿ ಪಡೆಯುತ್ತಿದ್ದರು.

ಎರಡು ಬೇಸಿಗೆ ಕಳೆದು ಇಪ್ಪತ್ತು ಚೀಟಿ ತುಂಬಿತು. ಸಂಖ್ಯೆ ಬಂತು: ಇಪ್ಪತ್ತೇಳು ಪಾಯಿಂಟ್ ಎಂಟು. ಮಾವ ಅದನ್ನು ಅಚ್ಚು ತೆಗೆಸಿ, ಬಸ್ಸಿನಲ್ಲಿ ಮಡಚದೆ ಹಿಡಿದುಕೊಂಡು ಬಂದರು. ನೆರೆಮನೆಯ ಹಿರಿಯರು ಕನ್ನಡಕ ಏರಿಸಿ ನೋಡಿ ಸಮಾಧಾನ ಹೇಳಿದರು. "ಇಪ್ಪತ್ತೇಳಾ? ಮೂವತ್ತೈದಕ್ಕೆ ಪಾಸು. ಬೇಜಾರು ಮಾಡ್ಕಳಡ, ಮುಂದಿನ ಸಲ ಮತ್ತೆ ಕಟ್ಟು."

ಇಲ್ಲಿಗೇ ನಿಂತಿದ್ದರೆ ಎಲ್ಲರಿಗೂ ಕ್ಷೇಮವಿತ್ತು. ನಿಲ್ಲಿಸದವಳು ನಾನು.

ಅತ್ತೆಯ ಶ್ರಮಕ್ಕೆ ಲೆಕ್ಕವೇ ಇಲ್ಲವೆಂಬ ನನ್ನ ಆಕ್ಷೇಪಕ್ಕೆ ಆಧಾರ ಬೇಕಿತ್ತು. ಅವರು ಒಂದು ಆಟಕ್ಕಾಗಿ ಎಷ್ಟು ಗಂಟೆ, ಎಷ್ಟು ದೂರ ನಡೆಯುತ್ತಾರೆಂದು ಬರೆದುಕೊಳ್ಳಲು ನಾನೂ ಒಂದು ದಿನ ಪುಸ್ತಕ ಹಿಡಿದು ಹಿಂಬಾಲಿಸಿದೆ. ಬರೆಯುವ ಅಭ್ಯಾಸದಿಂದ ಹೊಡೆತಗಳನ್ನೂ ಗೀಟು ಹಾಕಿದೆ. ನೂರಾ ಒಂಬತ್ತು. ಜಗುಲಿಯಲ್ಲಿ ಅತ್ತೆ ಬುಟ್ಟಿ ಸುರಿದರು. ತೆಂಗಿನಕಾಯಿ ಎಣಿಸುವಂತೆ ಐದೈದು ಎತ್ತಿ ಒಂದೊಂದು ಕೈ ಎಂದು ಎಣಿಸಿದರು. ಇಪ್ಪತ್ತು ಕೈ ಆಯಿತು, ಅಲ್ಲಿಗೆ ನೂರು. ಆಮೇಲೆ ಇನ್ನೊಂದು ಕೈ ಎತ್ತಿ, ಎಣಿಸದೆ, ಸುಮ್ಮನೆ ಬದಿಗಿಟ್ಟರು. ಉಳಿದದ್ದು ನಾಲ್ಕು.

"ನೂರಾ ನಾಕು" ಎಂದರು.

"ಅತ್ತೆ, ಅದೊಂದು ಕೈ ಬಿಟ್ಟುಹೋತು."

"ಬಿಟ್ಟುಹೋದ್ದಲ್ದೆ ತಂಗಿ. ಅದು ಕೊಸರು."

"ಕೊಸರು ಯಾರಿಗೆ?"

"ಯಾರಿಗೆ ಹೇಳಿ ಕೇಳಿರೆ? ನೂರಕ್ಕೊಂದು ಕೈ ಕೊಸರು ಬಿಡದೇ ಹೋದ್ರೆ ಅದು ಎಣಿಸಿದ್ದು ಹೇಳೇ ಆಗ್ತಿಲ್ಲೆ. ಎನ್ನ ಅಪ್ಪಯ್ಯ ಹಂಗೇ ಕಲ್ಸಿದ್ದ."

ಮಾವ ಅಡಕತ್ತರಿಯನ್ನು ಕೆಳಗಿಟ್ಟರು. "ಇದು ಯಾವತ್ತಿಂದ?"

"ಮೊದ್ಲನೇ ದಿನದಿಂದ. ನಿಂಗ ಎಣಿಸು ಅಂದ್ರಿ, ಆನು ಎಣಿಸಿದಿ."

ಕಾಯಿಯಿರಲಿ, ವೀಳ್ಯದೆಲೆಯಿರಲಿ, ನೂರು ಕೊಟ್ಟವರು ಮೇಲೆ ಒಂದು ಕೈ ಹಾಕಿ ಕೊಡುವುದು, ಆ ಕೈಯನ್ನು ಎಣಿಕೆಗೆ ಸೇರಿಸದಿರುವುದು ನಮ್ಮ ಸೀಮೆಯ ಮರ್ಯಾದೆ. ಅತ್ತೆ ಗಾಲ್ಫಿಗೂ ಅದೇ ಮರ್ಯಾದೆ ತೋರಿಸಿದ್ದರು. ಅವರ ಮಟ್ಟಿಗೆ ಲೆಕ್ಕ ಚೊಕ್ಕವಾಗಿತ್ತು. ಜಾಲತಾಣದ ಮಟ್ಟಿಗೆ ನೂರು ದಾಟಿದ ಚೀಟಿಗಳೆಲ್ಲ ಐದು ಹೊಡೆತದಷ್ಟು ಸುಳ್ಳು.

ಜಗುಲಿಯಲ್ಲೇ ಕೂತಿದ್ದ ನೆರೆಮನೆಯ ಹಿರಿಯರು ಅತ್ತೆಯ ಪರ ನಿಂತರು. "ಅತ್ತಿಗೆ ಸಮಾ ಎಣಿಸಿದ್ದು. ಕೊಸರನ್ನೂ ಲೆಕ್ಕಕ್ಕೆ ಹಿಡಿಯದು ಎಲ್ಲಿಯ ಪದ್ಧತಿ?" ನಾನು, ಮಾಡಿದ ಗಾಯಕ್ಕೆ ಮುಲಾಮು ಹುಡುಕುತ್ತ, "ಆ ಚೀಟಿಗೆಲ್ಲ ಐದೈದು ಕೂಡಿಸಿರೆ ಆತಲೀ ಮಾವ" ಎಂದೆ.

ಮಾವ ಬದಿಗಿಟ್ಟ ಆ ಐದು ಅಡಿಕೆಯನ್ನು ಎತ್ತಿ ಬುಟ್ಟಿಗೆ ಹಾಕಿದರು. ಆಮೇಲೆ ಹೇಳಿದರು: "ಇಪ್ಪತ್ತೆಂಟು ವರ್ಷ ಆನು ದೊಡ್ಡವ್ರ ಚೀಟಿ ಹಿಂಗೇ ರಿಪೇರಿ ಮಾಡಿದ್ದಿ ತಂಗಿ. ಅವ್ರು ಹೇಳಿದ್ದು ಬರೆಯದು ಎನ್ನ ಕೆಲ್ಸ ಆಗಿತ್ತು. ಎನ್ನದನ್ನ ರಿಪೇರಿ ಮಾಡ್ತ್ನಿಲ್ಲೆ."

ಮರುದಿನ ಸಿದ್ದಾಪುರಕ್ಕೆ ಹೋಗಿ ಇಪ್ಪತ್ತೂ ಚೀಟಿಗಳನ್ನು ಅಳಿಸಿ ಹಾಕಿಸಿದರು. ಜೊತೆಗೆ ನಾನಿದ್ದೆ. ಕೇಂದ್ರದ ಹೆಣ್ಣುಮಗಳು ಮೌಸಿನಿಂದ ಕೈ ತೆಗೆದು, "ಕಾಕಾ, ಎರಡ ವರ್ಷದ್ದ ಐತ್ರಿ. ಇನ್ನೊಮ್ಮೆ ವಿಚಾರ ಮಾಡ್ರಿ" ಎಂದು ಮೂರು ಸಲ ಹೇಳಿದರು. ಮಾವ ತಾವೇ ಕೈ ಚಾಚಿ ಗುಂಡಿ ಒತ್ತಿದರು.

ಮತ್ತೆ ಎರಡು ಬೇಸಿಗೆ, ಮತ್ತೆ ಇಪ್ಪತ್ತು ಚೀಟಿ. ಈ ಸಲ ಅತ್ತೆ ಕೊಸರನ್ನೂ ಎಣಿಸಿದರು. ಪ್ರತಿ ಸಲವೂ ಆ ಒಂದು ಕೈಯನ್ನು ಲೆಕ್ಕಕ್ಕೆ ಹಾಕುವಾಗ ಯಾರದೋ ಬಾಯಿಯ ತುತ್ತು ಕಸಿದವರಂತೆ ಮುಖ ಮಾಡುತ್ತಿದ್ದರು. ಸಂಖ್ಯೆ ಬಂತು: ಮೂವತ್ತೆರಡು ಪಾಯಿಂಟ್ ನಾಲ್ಕು. ಮೊದಲಿನದಕ್ಕಿಂತ ಕಳಪೆ. ಮಾವನ ಮುಖದಲ್ಲಿ ಅಂಥ ಸಂತೋಷವನ್ನು ನಾನು ಅದುವರೆಗೆ ಕಂಡಿರಲಿಲ್ಲ. ನೆರೆಮನೆಯ ಹಿರಿಯರೂ ಸಂತೋಷಪಟ್ಟರು. "ಹತ್ರ ಬಂತು. ಇನ್ನು ಮೂರೇ ಮಾರ್ಕು."

ಇದರ ನಡುವೆ ಇನ್ನೊಂದು ಘಟನೆ ನಡೆದಿತ್ತು. ಚೆಂಡು ಹುಡುಕಲು ಪೊದೆಗೆ ನುಗ್ಗುವಾಗ ಮಾವ ಕೋಲನ್ನು ಅತ್ತೆಯ ಕೈಗೆ ಕೊಟ್ಟಿದ್ದರು. ಅತ್ತೆ ಬೇಸರ ಕಳೆಯಲೆಂದು ಎದುರಿಗಿದ್ದ ಹಳೆಯ ಚೆಂಡೊಂದಕ್ಕೆ ಬೀಸಿದರು. ಅದು ದಿಬ್ಬ ದಾಟಿ, ಮಾವ ಜನ್ಮದಲ್ಲಿ ಒಂದೇ ಏಟಿಗೆ ಮುಟ್ಟದ ಏಳನೆಯ ಕುಳಿಯ ಪಕ್ಕ ಬಿತ್ತು. ಆಶ್ಚರ್ಯವೇನು? ಅದೇ ಬ್ಯಾಣದಲ್ಲಿ ನಲವತ್ತು ವರ್ಷ ಕತ್ತಿ ಬೀಸಿ ಹುಲ್ಲು ಕೊಯ್ದ ತೋಳು ಅದು. ಮಾವ ಪೊದೆಯಿಂದ ಹೊರಬಂದು, ಚೆಂಡನ್ನು ನೋಡಿ, ಅತ್ತೆಯನ್ನು ನೋಡಿ, "ನಿನ್ನದೂ ಒಂದು ಚೀಟಿ ಮಾಡನ" ಎಂದರು.

ತಮ್ಮ ಸಂಖ್ಯೆ ಕೈಸೇರಿದ ಮೇಲೆ ಮಾವ ಒಮ್ಮೆಯೂ ತಮಗಾಗಿ ಆಡಲಿಲ್ಲ. ಅತ್ತೆ ಆಡಿದರು, ಮಾವ ಬುಟ್ಟಿ ಹಿಡಿದು ಹಿಂದೆ ನಡೆದರು. ತೊಂಬತ್ತೆಂಟು, ತೊಂಬತ್ತಾರು, ತೊಂಬತ್ತೇಳು. ನೂರನ್ನೇ ಮುಟ್ಟದ ಮೇಲೆ ಕೊಸರಿನ ತಕರಾರೂ ಹುಟ್ಟಲಿಲ್ಲ. ಮುಂಬೈಯ ಆ ಇಪ್ಪತ್ತೆಂಟು ವರ್ಷಗಳಲ್ಲಿ ಈ ಗಂಡಹೆಂಡಿರು ಜೊತೆಯಾಗಿ ನಡೆದ ದಾರಿಯೆಂದರೆ, ವರ್ಷಕ್ಕೆರಡು ಸಲ, ಬಸ್ಸು ನಿಲ್ಲುವಲ್ಲಿಂದ ಮನೆಯವರೆಗಿನದು. ಈಗ ಆಟವಿದ್ದ ದಿನವೆಲ್ಲ ಬ್ಯಾಣದಲ್ಲಿ ನಾಲ್ಕು ಗಂಟೆ ನಡೆಯುತ್ತಿದ್ದರು. ಏನು ಮಾತಾಡುತ್ತಿದ್ದರೆಂದು ನನಗೆ ಗೊತ್ತಿಲ್ಲ. ಕೇಳುವಷ್ಟು ಹತ್ತಿರ ಹೋಗಬಾರದೆಂಬ ವಿವೇಕ ಆ ಹೊತ್ತಿಗೆ ನನಗೂ ಬಂದಿತ್ತು.

ಒಂದು ತಪ್ಪು ಮಾತ್ರ ಆಗಲೇ ನಡೆದಿತ್ತು. ಜಾಲತಾಣದಲ್ಲಿ ಅತ್ತೆಯ ಹೆಸರು ಸೇರಿಸುವಾಗ ಸುಲಭದ ದಾರಿಯೊಂದಿತ್ತು: ‘ಸದಸ್ಯರ ಅವಲಂಬಿತರು’ ಎಂಬ ಕಲಮು. ಪಹಣಿಯಲ್ಲಿಲ್ಲದ, ಮನೆಯ ಪತ್ರದಲ್ಲಿಲ್ಲದ ಹೆಸರು ಕೊನೆಗೆ ಗಾಲ್ಫಿನಲ್ಲಿಯೂ ಗಂಡನ ಬೆನ್ನಿಗೆ ಅಂಟಿಕೊಂಡು ಬರಬೇಕೆ ಎಂದು ನಾನು ಕೇಳಿದೆ. "ಮೊದ್ಲು ಒಳಗೆ ಹೋಗ್ಲಿ ತಂಗಿ, ಬಾಗ್ಲು ಆಮೇಲೆ ಸಮಾ ಮಾಡನ" ಎಂದರು ಮಾವ. ಜೀವಮಾನದಲ್ಲಿ ಹಟ ಹಿಡಿಯಬೇಕಾಗಿದ್ದ ಒಂದು ದಿನ ನಾನು ಒಪ್ಪಿಬಿಟ್ಟೆ.

ಹದಿನೇಳು ಚೀಟಿ ಆಗುವಾಗ ಮಳೆ ಹಿಡಿಯಿತು. ಆ ಮಳೆಗಾಲವನ್ನು ಮಾವ ದಾಟಲಿಲ್ಲ.

ಹುಲ್ಲು ಕೊಯ್ದು ಮುಗಿದ ಮೇಲೆ ಅತ್ತೆ ನನಗೆ ಹೇಳಿಕಳಿಸಿದರು. "ಮೂರು ಬಾಕಿ ಇದ್ದು ತಂಗಿ. ಎಣಿಸುಲೆ ಬತ್ಯ?" ಹೋದೆ. ಹದಿನೆಂಟನೆಯದನ್ನು ಆಡಿದರು, ತೊಂಬತ್ತೈದು. ಮರುದಿನ ಇಬ್ಬರೂ ಸಿದ್ದಾಪುರಕ್ಕೆ ಹೋದೆವು. ಪುಟ ತೆರೆಯಲಿಲ್ಲ. ವಿಚಾರಿಸಿ ಬರೆದದ್ದಕ್ಕೆ ವಾರದ ಮೇಲೆ ಉತ್ತರ ಬಂತು: ಮೂಲ ಸದಸ್ಯರ ಖಾತೆ ನವೀಕರಣವಾಗದೆ ಮುಚ್ಚಲ್ಪಟ್ಟಿದೆ, ಮೂಲ ಸದಸ್ಯರಿಲ್ಲದೆ ಅವಲಂಬಿತರ ದಾಖಲೆ ಉಳಿಯುವುದಿಲ್ಲ, ಹೊಸ ಖಾತೆ ತೆರೆಯಬಹುದು, ಆದರೆ ಹಳೆಯ ತಾರೀಖಿನ ಚೀಟಿಗಳನ್ನು ಸೇರಿಸುವಂತಿಲ್ಲ.

ನಾನು ಓದಿ ಹೇಳಿದೆ. ಕೇಂದ್ರದ ಹೆಣ್ಣುಮಗಳು ಆ ದಿನ ಏನೂ ತಮಾಷೆ ಮಾಡಲಿಲ್ಲ. ಹೊಸದಾಗಿ ಇಪ್ಪತ್ತು ಆಡಬಹುದಲ್ಲ, ನಾನೇ ಬಂದು ಎಣಿಸುತ್ತೇನಲ್ಲ ಎಂದು ಬಸ್ಸಿನಲ್ಲಿ ಅತ್ತೆಗೆ ಹೇಳುತ್ತಲೇ ಇದ್ದೆ. ಅವರು ಕಿಟಕಿಯಾಚೆ ನೋಡುತ್ತಿದ್ದರು. ಇಳಿಯುವ ಸ್ವಲ್ಪ ಮೊದಲು ತಿರುಗಿದರು.

"ಆನು ಹೊಡೆದದ್ದು ಹೋದ್ರೆ ಹೋಗ್ಲಿ, ಮತ್ತೆ ಹೊಡೀಲಕ್ಕು. ಆ ಹದಿನೇಳು ನಿನ್ನ ಮಾವ ಎಣಿಸಿದ್ದಾಗಿತ್ತಲೇ."

ಆದ್ದರಿಂದ ಆ ಜಾಲತಾಣವನ್ನು ನಡೆಸುತ್ತಿರುವವರೇ, ನಿಮ್ಮಿಂದ ನಾನು ಅನುಕಂಪವನ್ನು ಕೇಳುತ್ತಿಲ್ಲ. ನನ್ನ ಅತ್ತೆಗೆ ಅವರದೇ ಹೆಸರಿನಲ್ಲಿ, ಯಾರ ಅವಲಂಬನೆಯೂ ಇಲ್ಲದ ಖಾತೆಯೊಂದನ್ನು ತೆರೆಯಿರಿ. ನೀವು ಅಳಿಸಿದ ಹದಿನೇಳು ಚೀಟಿಗಳನ್ನು ಅವೇ ತಾರೀಖುಗಳೊಂದಿಗೆ ಅದಕ್ಕೆ ಸೇರಿಸಿರಿ. ಪ್ರತಿಯೊಂದರಲ್ಲಿಯೂ ಎಣಿಸಿದವರ ಹೆಸರಿನ ಜಾಗದಲ್ಲಿ ನನ್ನ ಮಾವನ ಹೆಸರನ್ನು, ಒಂದಕ್ಷರವೂ ಬಿಡದೆ, ಮತ್ತೆ ಬರೆಯಿರಿ. ಹದಿನೆಂಟನೆಯದು ನನ್ನ ಎಣಿಕೆಯಲ್ಲಿ ಸಿದ್ಧವಿದೆ, ಉಳಿದ ಎರಡು ಸುತ್ತನ್ನು ಅತ್ತೆ ಈ ಬೇಸಿಗೆಯಲ್ಲಿ ಆಡುತ್ತಾರೆ. ಮಳೆ ಬೀಳುವುದರೊಳಗೆ ಆಗಬೇಕು.